ಐದು ಸಾವಿರದ ಅರ್ಜಿ, ಐದು ವರ್ಷದ ವ್ಯಾಜ್ಯ: ದೈತ್ಯ ಕಂಪನಿಗಳ ವಿರುದ್ಧ ಸಂಘಗಳು ಹಿಡಿದಿರುವ ಕಾನೂನು ಹಾದಿ

ದೆಹಲಿ ವ್ಯಾಪಾರ ಮಹಾಸಂಘ ಎಂಬ ವರ್ತಕರ ಸಂಘ 2019ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಅರ್ಜಿಯೊಂದನ್ನು ಹಾಕಿತು. ಸ್ಮಾರ್ಟ್‌ಫೋನ್ ಮಾರುವ ಸಣ್ಣ ಮತ್ತು ಮಧ್ಯಮ ಅಂಗಡಿಗಳ ಮಾಲೀಕರು ಅದರ ಸದಸ್ಯರು. ಹೊಸ ಫೋನುಗಳು ಅಮೆಜಾನ್ ಅಥವಾ ಫ್ಲಿಪ್‌ಕಾರ್ಟ್‌ನಲ್ಲಿ ಮಾತ್ರ ಬಿಡುಗಡೆಯಾಗುತ್ತಿವೆ, ಆ ತಾಣಗಳಲ್ಲೂ ಬೆರಳೆಣಿಕೆಯ ಮಾರಾಟಗಾರರಿಗಷ್ಟೇ ಮಣೆ ಹಾಕಲಾಗುತ್ತಿದೆ, ಅಂಗಡಿಯವರು ಕನಸಿನಲ್ಲೂ ಕೊಡಲಾಗದ ರಿಯಾಯಿತಿ ಅವರ ಮೂಲಕ ಹರಿಯುತ್ತಿದೆ, ಹುಡುಕಿದರೆ ಅವರದೇ ಸರಕು ಮೊದಲು ಕಾಣಿಸುತ್ತದೆ ಎಂಬುದು ಆರೋಪ. 2020ರ ಜನವರಿ 13ರಂದು ಆಯೋಗ ತನಿಖೆಗೆ ಆದೇಶಿಸಿ 60 ದಿನಗಳ ಗಡುವು ಕೊಟ್ಟಿತು. ವರದಿ ಸಿದ್ಧವಾಗಿದ್ದು 2024ರಲ್ಲಿ.

ಕಂಪನಿಗಳಿಗೆ ಕಾಸಿದೆ, ಎಳೆದಾಡುತ್ತವೆ ಎಂದು ಹೇಳಿ ಇದನ್ನು ಮುಗಿಸಿಬಿಡಬಹುದು. ಆದರೆ ಎಳೆದಾಡಲು ಕಾನೂನಿನೊಳಗೆ ಎಲ್ಲೆಲ್ಲಿ ಜಾಗವಿದೆ, ಅರ್ಜಿ ಹಾಕಿದ ಸಂಘ ಎಲ್ಲಿಯವರೆಗೆ ಆಟದಲ್ಲಿರುತ್ತದೆ, ಎಲ್ಲಿಂದ ಬರೀ ಪ್ರೇಕ್ಷಕನಾಗುತ್ತದೆ ಎಂಬುದನ್ನು ನೋಡಿದರೆ ಬೇರೆ ಚಿತ್ರ ಸಿಗುತ್ತದೆ. ನಮ್ಮ ಸ್ಪರ್ಧಾ ಕಾನೂನಿನಲ್ಲಿ ಒಳಗೆ ಹೋಗುವುದು ಸುಲಭ, ಅಗ್ಗವೂ ಹೌದು. ಹಾಗೆ ಹೋದ ಅರ್ಜಿ ಜೀವಂತವಾಗಿ ಉಳಿಯಲು ಬೇಕಾದ ಬಲವನ್ನು ಮಾತ್ರ ಕಾನೂನು ಅರ್ಜಿದಾರರ ಕೈಗೆ ಕೊಟ್ಟಿಲ್ಲ.

ಯಾರು ಬೇಕಾದರೂ ಹೋಗಬಹುದು

ಸ್ಪರ್ಧಾ ಕಾಯ್ದೆ, 2002ರ ಸೆಕ್ಷನ್ 19ರ ಅಡಿ ಯಾವುದೇ ವ್ಯಕ್ತಿ, ಗ್ರಾಹಕರ ಸಂಘ ಅಥವಾ ವರ್ತಕರ ಸಂಘ ಆಯೋಗಕ್ಕೆ ‘ಮಾಹಿತಿ’ ಸಲ್ಲಿಸಬಹುದು. ಮೂಲ ಕಾಯ್ದೆಯಲ್ಲಿ ಇದ್ದದ್ದು ‘ದೂರು’. 2007ರ ತಿದ್ದುಪಡಿ ಅದನ್ನು ಬದಲಿಸಿತು. ಹಾಗಾಗಿ ಅರ್ಜಿದಾರ ತನಗೇ ನಷ್ಟವಾಗಿದೆ ಎಂದು ಸಾಬೀತು ಮಾಡಬೇಕಿಲ್ಲ. ಮಾರುಕಟ್ಟೆಯಲ್ಲಿ ಸ್ಪರ್ಧೆ ಕೆಡುತ್ತಿದೆ ಎಂದು ಆಯೋಗದ ಗಮನಕ್ಕೆ ತಂದರೆ ಸಾಕು.

ಇಷ್ಟು ಸ್ಪಷ್ಟವಿದ್ದರೂ ಓಲಾ–ಉಬರ್ ದರ ನಿಗದಿಯ ಒಂದು ಪ್ರಕರಣದಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಎಟಿ, ಸ್ವಂತ ಹಕ್ಕಿಗೆ ಧಕ್ಕೆಯಾದವರು ಮಾತ್ರ ಬರಬೇಕು ಎಂದುಬಿಟ್ಟಿತು. 2020ರ ಡಿಸೆಂಬರ್ 15ರಂದು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ನೇತೃತ್ವದ ಸುಪ್ರೀಂ ಕೋರ್ಟ್ ಪೀಠ ಆ ವ್ಯಾಖ್ಯಾನವನ್ನು ತಳ್ಳಿಹಾಕಿತು. ಅರ್ಜಿದಾರರಿಗೆ ಆ ಪ್ರಕರಣದಲ್ಲಿ ಸೋಲೇ ಆಯಿತು. ಆದರೆ ಅವರ ಸೋಲಿನಿಂದ ನಂತರದ ಸಂಘ–ಸಂಸ್ಥೆಗಳಿಗೆ ದಾರಿ ಉಳಿಯಿತು.

2009ರ ನಿಯಮಗಳ ಪ್ರಕಾರ ವ್ಯಕ್ತಿಗಳು, ಸ್ವಯಂಸೇವಾ ಸಂಸ್ಥೆಗಳು, ಗ್ರಾಹಕ ಸಂಘಗಳು ಮತ್ತು ಟ್ರಸ್ಟ್‌ಗಳಿಗೆ ಶುಲ್ಕ 5,000 ರೂಪಾಯಿ. ಕಂಪನಿಗಳಿಗೆ ವಹಿವಾಟಿನ ಗಾತ್ರ ನೋಡಿ ಹೆಚ್ಚು. ವಕೀಲರ ಶುಲ್ಕದ ಲೆಕ್ಕ ಇದರಲ್ಲಿ ಸೇರಿಲ್ಲ, ಬಿಡಿ. ಅರ್ಜಿದಾರರ ಹೆಸರನ್ನು ಗುಟ್ಟಾಗಿಡಿ ಎಂದು ಕೋರುವುದಕ್ಕೂ ಅವಕಾಶವಿದೆ. ಗೂಗಲ್ ಪ್ಲೇ ಸ್ಟೋರ್‌ನ ಪಾವತಿ ವ್ಯವಸ್ಥೆಯ ವಿರುದ್ಧ 2020ರಲ್ಲಿ ಶುರುವಾದ ಪ್ರಕರಣದ ಮೊದಲ ಅರ್ಜಿದಾರರು ಆಯೋಗದ ಕಡತದಲ್ಲಿ ಇಂದಿಗೂ ‘ಎಕ್ಸ್‌ವೈಝಡ್’. ಆ್ಯಪ್ ಮಾಡಿ ಹೊಟ್ಟೆ ಹೊರೆಯುವವರು ಆ್ಯಪ್ ಅಂಗಡಿಯ ಯಜಮಾನನ ಮೇಲೆ ದೂರು ಕೊಡಬೇಕಾದ ಮಾರುಕಟ್ಟೆಯಲ್ಲಿ ಈ ಮರೆ ಸಣ್ಣ ಸವಲತ್ತಲ್ಲ.

ಎರಡು ಎಚ್ಚರಿಕೆ ಬೇಕು. 2023ರ ತಿದ್ದುಪಡಿಯ ನಂತರ, ಕಾರಣ ಹುಟ್ಟಿದ ಮೂರು ವರ್ಷಗಳೊಳಗೆ ಅರ್ಜಿ ಹಾಕಬೇಕು. ತಡವಾದರೆ ಸಕಾರಣ ತೋರಿಸಿ ಆಯೋಗದ ಮನವೊಲಿಸಬೇಕು. ಜೊತೆಗೆ, ಸುಳ್ಳೆಂದು ಗೊತ್ತಿದ್ದೂ ಮಾಹಿತಿ ಕೊಟ್ಟರೆ ಸೆಕ್ಷನ್ 45ರ ಅಡಿ ಒಂದು ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು.

ಯಾವ ಸೆಕ್ಷನ್ ಹಿಡಿಯಬೇಕು

ಹೆಚ್ಚಿನ ಅರ್ಜಿಗಳು ಇಲ್ಲಿ ಎಡವುತ್ತವೆ. ‘ಏಕಸ್ವಾಮ್ಯ’ ಎಂದು ನಾವು ಮಾತಿನಲ್ಲಿ ಹೇಳುವುದು ಕಾಯ್ದೆಯಲ್ಲಿ ಎರಡು ಬೇರೆ ಮನೆಗಳಲ್ಲಿ ಕೂತಿದೆ. ಸೆಕ್ಷನ್ 4 ಪ್ರಾಬಲ್ಯದ ದುರುಪಯೋಗಕ್ಕೆ ಸಂಬಂಧಿಸಿದ್ದು, ಸೆಕ್ಷನ್ 3 ಸ್ಪರ್ಧೆಗೆ ಮಾರಕವಾದ ಒಪ್ಪಂದಗಳಿಗೆ.

ಸೆಕ್ಷನ್ 4 ಹಿಡಿದರೆ ಮೂರು ಮೆಟ್ಟಿಲು ಹತ್ತಬೇಕು. ಮೊದಲು ಸಂಬಂಧಪಟ್ಟ ಮಾರುಕಟ್ಟೆ ಯಾವುದು ಎಂಬುದನ್ನು ಸರಕು ಮತ್ತು ಪ್ರದೇಶ ಎರಡರ ಲೆಕ್ಕದಲ್ಲೂ ಗೆರೆ ಎಳೆದು ತೋರಿಸಬೇಕು. ಆಮೇಲೆ ಅಲ್ಲಿ ಆ ಕಂಪನಿಗೆ ಪ್ರಾಬಲ್ಯವಿದೆ ಎನ್ನಬೇಕು. ಕೊನೆಗೆ ಅದನ್ನು ದುರುಪಯೋಗ ಮಾಡಿಕೊಂಡಿದೆ ಎನ್ನಬೇಕು. ಎರಡನೇ ಮೆಟ್ಟಿಲಲ್ಲಿ ಜಾರಿದರೆ ಮೂರನೆಯದನ್ನು ಯಾರೂ ಕೇಳುವುದಿಲ್ಲ. ಬೆಂಗಳೂರಿನ ರೇಡಿಯೊ ಟ್ಯಾಕ್ಸಿ ಮಾರುಕಟ್ಟೆಯ ಬಗ್ಗೆ ಫಾಸ್ಟ್ ಟ್ರ್ಯಾಕ್ ಮತ್ತು ಮೇರು ಸಂಸ್ಥೆಗಳು ಓಲಾ ವಿರುದ್ಧ ಹಾಕಿದ ಪ್ರಕರಣ ಹೀಗೇ ಬಿತ್ತು. ಚಾಲಕರಿಗೆ ಪ್ರೋತ್ಸಾಹಧನ, ಪ್ರಯಾಣಿಕರಿಗೆ ರಿಯಾಯಿತಿ ಎರಡೂ ಸೇರಿ ಓಲಾ ವೆಚ್ಚಕ್ಕಿಂತ ಕಡಿಮೆ ದರದಲ್ಲಿ ಗಾಡಿ ಓಡಿಸುತ್ತಿದೆ ಎಂಬುದು ಆರೋಪ. ಅದೇ ಊರಿನಲ್ಲಿ ಉಬರ್ ಬೆಳೆಯುತ್ತಿದ್ದುದರಿಂದ ಓಲಾಗೆ ಪ್ರಾಬಲ್ಯವಿದೆ ಎನ್ನಲಾಗದು ಎಂದು ಆಯೋಗ 2017ರ ಜುಲೈನಲ್ಲಿ ತೀರ್ಮಾನಿಸಿತು. ಪ್ರಾಬಲ್ಯವೇ ಇಲ್ಲವೆಂದಾದ ಮೇಲೆ ಕಡಿಮೆ ದರ ಅಪರಾಧವಾಗದು.

ನಮ್ಮ ಕಾಯ್ದೆಯಲ್ಲಿ ಪ್ರಾಬಲ್ಯ ಒಂದು ಸಂಸ್ಥೆಗೆ ಅಥವಾ ಒಂದೇ ಸಮೂಹಕ್ಕೆ ಇರಬಹುದೇ ಹೊರತು, ಸ್ಪರ್ಧಿಗಳಾದ ಎರಡು ಕಂಪನಿಗಳಿಗೆ ಕೂಡಿ ಇರಲಾರದು. ಇಬ್ಬರೇ ಮಾರುಕಟ್ಟೆ ಹಂಚಿಕೊಂಡು ಮಿಕ್ಕವರನ್ನೆಲ್ಲ ಹೊರದಬ್ಬಿದರೂ, ಅವರ ಮಧ್ಯೆ ಪೈಪೋಟಿ ಇದೆ ಎಂಬ ಮಾತಿನಿಂದಲೇ ಇಬ್ಬರೂ ಸೆಕ್ಷನ್ 4ರಿಂದ ತಪ್ಪಿಸಿಕೊಳ್ಳಬಲ್ಲರು. ಆನ್‌ಲೈನ್ ಮಾರಾಟ, ಟ್ಯಾಕ್ಸಿ, ಊಟದ ಡೆಲಿವರಿ, ಎಲ್ಲ ಕಡೆಯೂ ಇಬ್ಬಿಬ್ಬರೇ ಉಳಿದಿರುವ ದೇಶದಲ್ಲಿ ಇದು ಸಣ್ಣ ತೂತಲ್ಲ. ನನ್ನ ಮಟ್ಟಿಗೆ ಕಾಯ್ದೆಯ ಅತಿ ದೊಡ್ಡ ಕೊರತೆ ಇದೇ.

ವ್ಯಾಪಾರ ಮಹಾಸಂಘದ ಪ್ರಕರಣ ನಿಂತಿದ್ದು ಈ ತೂತಿಗೆ ಬೀಳದೆ ಪಕ್ಕದಿಂದ ದಾಟಿದ್ದರಿಂದ. ಆಯೋಗ ಅಲ್ಲಿ ಪ್ರಾಬಲ್ಯದ ಗೊಡವೆಗೆ ಹೋಗದೆ ಸೆಕ್ಷನ್ 3ರ ನಾಲ್ಕನೇ ಉಪವಿಧಿಯನ್ನು ಹಿಡಿಯಿತು. ಉತ್ಪಾದಕ, ತಾಣ, ಮಾರಾಟಗಾರ, ಹೀಗೆ ಸರಬರಾಜು ಸರಪಳಿಯ ಬೇರೆ ಬೇರೆ ಹಂತಗಳಲ್ಲಿರುವವರ ನಡುವಿನ ಒಪ್ಪಂದಗಳನ್ನು ಅದು ಪರಿಶೀಲಿಸುತ್ತದೆ. ಒಪ್ಪಂದ ಇದೆ, ಅದರಿಂದ ಸ್ಪರ್ಧೆಯ ಮೇಲೆ ಗಣನೀಯ ದುಷ್ಪರಿಣಾಮ ಆಗುತ್ತಿದೆ ಎಂದು ಮೇಲ್ನೋಟಕ್ಕೆ ಕಂಡರೆ ಸಾಕು. ವಿಶೇಷ ಬಿಡುಗಡೆ, ಆಯ್ದ ಮಾರಾಟಗಾರರು, ಭಾರೀ ರಿಯಾಯಿತಿ, ಹುಡುಕಾಟದಲ್ಲಿ ಆದ್ಯತೆ ಎಂಬ ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡಿವೆಯೇ ಎಂಬುದು ತನಿಖೆಯ ಪ್ರಶ್ನೆಯಾಯಿತು.

ಎರಡನೇ ತೊಡಕು ಪುರಾವೆಯದು. ತನಿಖೆಗೆ ಮುಂಚೆಯೇ ಕಂಪನಿಯ ಒಳಗಿನ ಕಾಗದ ಸಂಘದ ಕೈಯಲ್ಲಿ ಇರಲು ಸಾಧ್ಯವಿಲ್ಲ. ಪತ್ರಿಕಾ ವರದಿ, ಸ್ಕ್ರೀನ್‌ಶಾಟ್ ಮಾತ್ರ ನಂಬಿ ಬಂದ ಅರ್ಜಿಗಳು ಸೆಕ್ಷನ್ 26(2)ರ ಅಡಿ ಅಲ್ಲಿಗಲ್ಲಿಗೇ ಮುಗಿದುಹೋಗುವ ಅಪಾಯ ಹೆಚ್ಚು. ಗೆದ್ದವರನ್ನು ನೋಡಿದರೆ ಬೇರೊಂದು ಸರ್ಕಾರಿ ಕಚೇರಿ ಆಗಲೇ ಕಲೆಹಾಕಿದ ದಾಖಲೆಯನ್ನೋ, ಎದುರಾಳಿಯದೇ ಲೆಕ್ಕವನ್ನೋ ಹುಡುಕಿ ತಂದವರು ಹಲವರಿದ್ದಾರೆ.

ಅಖಿಲ ಭಾರತ ಆನ್‌ಲೈನ್ ಮಾರಾಟಗಾರರ ಸಂಘದ ಅರ್ಜಿ ಇದಕ್ಕೆ ಒಳ್ಳೆಯ ಉದಾಹರಣೆ. ಫ್ಲಿಪ್‌ಕಾರ್ಟ್‌ನ ಸಗಟು ಕಂಪನಿ ತನಗೆ ಬೇಕಾದ ಮಾರಾಟಗಾರರಿಗೆ ಅಗ್ಗವಾಗಿ ಸರಕು ಕೊಟ್ಟು, ಅವರ ಮೂಲಕ ತಾಣದಲ್ಲಿ ಮಾರಿಸುತ್ತದೆ ಎಂಬುದು ಅವರ ವಾದ. ಆಯೋಗ 2018ರ ನವೆಂಬರ್‌ನಲ್ಲಿ ಅದನ್ನು ಮುಚ್ಚಿತು. ಸಂಘ ಮೇಲ್ಮನವಿ ಹೋಯಿತು. ಅಷ್ಟರಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಇದೇ ಕಂಪನಿಯ ಬೇರೊಂದು ಜಗಳ ನಡೆದಿತ್ತು: ಕೊಂಡ ಬೆಲೆಗಿಂತ ಕಡಿಮೆಗೆ ಮಾರಿ ಮಾಡಿಕೊಂಡ ನಷ್ಟವನ್ನು ಬ್ರ್ಯಾಂಡ್ ಕಟ್ಟುವ ಬಂಡವಾಳ ವೆಚ್ಚ ಎಂದು ತೆರಿಗೆ ಅಧಿಕಾರಿ ಎಣಿಸಿದ್ದರು. ತೆರಿಗೆಯ ಆ ವಾದದಲ್ಲಿ ಇಲಾಖೆ ಸೋತಿತು. ಆದರೂ ಅಧಿಕಾರಿ ಬರೆದಿಟ್ಟ ವಿವರ ಮೇಲ್ನೋಟದ ಪುರಾವೆಗೆ ಸಾಕು ಎಂದು ಎನ್‌ಸಿಎಲ್‌ಎಟಿ 2020ರ ಮಾರ್ಚ್ 4ರಂದು ತನಿಖೆಗೆ ಸೂಚಿಸಿತು. ಫ್ಲಿಪ್‌ಕಾರ್ಟ್ ಅದನ್ನೂ ಸುಪ್ರೀಂ ಕೋರ್ಟಿಗೆ ಒಯ್ದಿತು.

ಒಂದೇ ಅಂಕಿ ಪ್ರಕರಣ ಉಳಿಸಿದ್ದೂ ಇದೆ. ದೆಹಲಿ ವಲಯದ ಟ್ಯಾಕ್ಸಿ ಮಾರುಕಟ್ಟೆಯ ಬಗ್ಗೆ ಉಬರ್ ವಿರುದ್ಧ ಮೇರು ಸಲ್ಲಿಸಿದ ಅರ್ಜಿಯಲ್ಲಿ, ಉಬರ್ ಪ್ರತಿ ಟ್ರಿಪ್ಪಿಗೆ 204 ರೂಪಾಯಿ ಕಳೆದುಕೊಳ್ಳುತ್ತಿದೆ ಎಂಬ ಲೆಕ್ಕವಿತ್ತು. ಸ್ಪರ್ಧಿಗಳನ್ನು ಮುಗಿಸುವ ಉದ್ದೇಶವಲ್ಲದೆ ಇದಕ್ಕೆ ಬೇರೆ ಆರ್ಥಿಕ ಅರ್ಥ ಕಾಣದು ಎಂದು ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ತನಿಖೆಯನ್ನು ಎತ್ತಿಹಿಡಿಯಿತು. ಬೆಂಗಳೂರಿನಲ್ಲಿ ಪುಟಗಟ್ಟಲೆ ವಾದ ಸೋತಲ್ಲಿ ದೆಹಲಿಯಲ್ಲಿ ಒಂದು ಸಾಲು ತನಿಖೆ ತೆರೆಯಿತು.

ತನಿಖೆಗೆ ಆದೇಶವಾದ ಮೇಲೆ

ಆಯೋಗ ಸೆಕ್ಷನ್ 26(1)ರ ಅಡಿ ತನಿಖೆಯನ್ನು ತನ್ನ ತನಿಖಾ ವಿಭಾಗದ ಮಹಾನಿರ್ದೇಶಕರಿಗೆ ಒಪ್ಪಿಸುತ್ತದೆ. ಈ ಆದೇಶ ಯಾರ ಹಕ್ಕನ್ನೂ ತೀರ್ಮಾನಿಸದ ಆಡಳಿತಾತ್ಮಕ ಹೆಜ್ಜೆ, ಆದ್ದರಿಂದ ಇದಕ್ಕೆ ಮೇಲ್ಮನವಿ ಇಲ್ಲ ಎಂದು ಉಕ್ಕು ಪ್ರಾಧಿಕಾರ ಸೇಲ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅರ್ಜಿಯನ್ನು ಮುಚ್ಚಿದರೆ ಮಾತ್ರ ಅರ್ಜಿದಾರರು ಮೇಲ್ಮನವಿ ಹೋಗಬಹುದು.

ಕಾಗದದ ಮೇಲೆ ಇದು ಅರ್ಜಿದಾರರ ಪರ. ನಡೆದದ್ದು ತಿರುವುಮುರುವು. ಮೇಲ್ಮನವಿ ಇಲ್ಲವೆಂದ ಮೇಲೆ ಕಂಪನಿಗಳು ಸಂವಿಧಾನದ 226ನೇ ವಿಧಿ ಹಿಡಿದು ಹೈಕೋರ್ಟುಗಳಿಗೆ ರಿಟ್ ಅರ್ಜಿ ಹಾಕತೊಡಗಿದವು. ಮೇಲ್ಮನವಿಗೆ ಒಂದೇ ನ್ಯಾಯಮಂಡಳಿ, ಒಂದೇ ಗಡುವು. ರಿಟ್‌ಗೆ ಹತ್ತಾರು ಹೈಕೋರ್ಟು, ಪ್ರತಿಯೊಂದರಲ್ಲೂ ಏಕಸದಸ್ಯ ಪೀಠ, ಮೇಲೆ ವಿಭಾಗೀಯ ಪೀಠ, ಅದರ ಮೇಲೆ ಸುಪ್ರೀಂ ಕೋರ್ಟು.

ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಬಂದದ್ದು ಕರ್ನಾಟಕ ಹೈಕೋರ್ಟಿಗೆ. 2020ರ ಫೆಬ್ರುವರಿ 14ರಂದು, ಆಯೋಗದ ಆದೇಶವಾಗಿ ಒಂದು ತಿಂಗಳಿಗೆ, ತನಿಖೆಗೆ ಮಧ್ಯಂತರ ತಡೆಯಾಜ್ಞೆ ಸಿಕ್ಕಿತು. ಆಯೋಗ ಸುಪ್ರೀಂ ಕೋರ್ಟಿಗೆ ಹೋದರೆ, ಅಲ್ಲಿಂದ ಮತ್ತೆ ಬೆಂಗಳೂರಿಗೇ ಹೋಗಿ ಎಂಬ ಉತ್ತರ. 2021ರ ಜೂನ್ 11ರಂದು ನ್ಯಾಯಮೂರ್ತಿ ಪಿ.ಎಸ್. ದಿನೇಶ್ ಕುಮಾರ್ ಕಂಪನಿಗಳ ಅರ್ಜಿ ವಜಾ ಮಾಡಿದರು. ಜುಲೈ 23ರಂದು ವಿಭಾಗೀಯ ಪೀಠವೂ ಅದನ್ನೇ ಹೇಳಿತು: ಕಾನೂನು ಮುರಿದಿಲ್ಲವೆಂದಾದರೆ ತನಿಖೆಗೆ ಹಿಂಜರಿಯುವುದೇಕೆ ಎಂಬ ಧಾಟಿಯಲ್ಲಿ. ಆಗಸ್ಟ್ 9ರಂದು ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಕ್ಕೆ ಒಪ್ಪಲಿಲ್ಲ. ಮೂರೂ ಕಡೆ ಕಂಪನಿಗಳಿಗೆ ಸೋಲೇ. ಆದರೆ ಅಷ್ಟರಲ್ಲಿ ಹತ್ತೊಂಬತ್ತು ತಿಂಗಳು ಕಳೆದಿತ್ತು, ತನಿಖೆ ಹೆಚ್ಚೇನೂ ಮುಂದೆ ಹೋಗಿರಲಿಲ್ಲ. ಇಂಥ ವ್ಯಾಜ್ಯದಲ್ಲಿ ತೀರ್ಪಿಗಿಂತ ತಡೆಯಾಜ್ಞೆಯೇ ದೊಡ್ಡ ಗೆಲುವು.

ಕಂಪನಿಗಳ ವಾದಗಳೆಲ್ಲ ಪೊಳ್ಳು ಎನ್ನಲಾಗದು. ವಿದೇಶಿ ಬಂಡವಾಳದ ನಿಯಮ ಉಲ್ಲಂಘನೆಯನ್ನು ಜಾರಿ ನಿರ್ದೇಶನಾಲಯ ನೋಡುತ್ತಿರುವಾಗ ಆಯೋಗ ಕಾಯಬೇಕು ಎಂಬ ವಾದಕ್ಕೆ ಬಲ ಬಂದದ್ದು 2018ರ ಭಾರ್ತಿ ಏರ್‌ಟೆಲ್ ತೀರ್ಪಿನಿಂದ. ದೂರಸಂಪರ್ಕದ ತಾಂತ್ರಿಕ ಪ್ರಶ್ನೆಗಳನ್ನು ಮೊದಲು ಆ ಕ್ಷೇತ್ರದ ನಿಯಂತ್ರಕ ಸಂಸ್ಥೆಯಾದ ಟ್ರಾಯ್ ನಿರ್ಧರಿಸಲಿ, ಆಮೇಲೆ ಆಯೋಗ ಬರಲಿ ಎಂದು ಸುಪ್ರೀಂ ಕೋರ್ಟ್ ಆಗ ಹೇಳಿತ್ತು. ಆನ್‌ಲೈನ್ ವ್ಯಾಪಾರಕ್ಕೆ ಟ್ರಾಯ್‌ನಂಥ ನಿಯಂತ್ರಕರೇ ಇಲ್ಲದಿರುವುದರಿಂದ ಆ ಮಾತು ಇಲ್ಲಿ ಹೊಂದುವುದಿಲ್ಲ. ಆದರೂ ಅರ್ಜಿ ಬರೆಯುವ ಸಂಘ ತನ್ನ ವಿಷಯ ಬೇರೆ ನಿಯಂತ್ರಕರ ಅಂಗಳಕ್ಕೆ ಕಾಲಿಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳಿತು.

2022ರ ಏಪ್ರಿಲ್‌ನಲ್ಲಿ ಅಮೆಜಾನ್‌ನ ಪ್ರಮುಖ ಮಾರಾಟಗಾರರಾದ ಕ್ಲೌಡ್‌ಟೇಲ್ ಮತ್ತು ಅಪ್ಪಾರಿಯೊ ಮೇಲೆ ಆಯೋಗದವರು ದಾಳಿ ಮಾಡಿದರು. 2024ರ ಆಗಸ್ಟ್‌ನಲ್ಲಿ ತನಿಖಾ ವರದಿಗಳು ಕಕ್ಷಿದಾರರ ಕೈ ಸೇರಿದವು. ರಾಯಿಟರ್ಸ್ ಸುದ್ದಿಸಂಸ್ಥೆಯ ಪ್ರಕಾರ ಅಮೆಜಾನ್ ಬಗೆಗಿನದು 1,027 ಪುಟ, ಫ್ಲಿಪ್‌ಕಾರ್ಟ್ ಬಗೆಗಿನದು 1,696 ಪುಟ, ಎರಡರಲ್ಲೂ ಕಾನೂನು ಉಲ್ಲಂಘನೆ ಕಂಡುಬಂದಿದೆ. ಕೂಡಲೇ ಎರಡನೇ ಸುತ್ತು ಶುರುವಾಯಿತು. ಈ ಸಲ ಕೋರ್ಟಿಗೆ ಹೋದವರು ಮಾರಾಟಗಾರರು ಮತ್ತು ಸ್ಯಾಮ್‌ಸಂಗ್, ವಿವೊದಂಥ ಫೋನ್ ಕಂಪನಿಗಳು. ಕರ್ನಾಟಕ, ದೆಹಲಿ, ಪಂಜಾಬ್–ಹರಿಯಾಣ, ಅಲಹಾಬಾದ್, ಮದ್ರಾಸ್ ಸೇರಿದಂತೆ ಹಲವು ಹೈಕೋರ್ಟುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ರಿಟ್‌ಗಳು. ಇವನ್ನೆಲ್ಲ ಒಂದೆಡೆ ಸೇರಿಸಿಕೊಡಿ ಎಂದು ಆಯೋಗವೇ ಸುಪ್ರೀಂ ಕೋರ್ಟಿಗೆ ಮೊರೆಹೋಗಬೇಕಾಯಿತು. 2025ರ ಜನವರಿಯಲ್ಲಿ ಅವು ಕರ್ನಾಟಕ ಹೈಕೋರ್ಟಿಗೆ ವರ್ಗವಾದವು.

ಅರ್ಜಿದಾರನ ಜಾಗ ಎಲ್ಲಿ?

ಇಷ್ಟೆಲ್ಲ ನಡೆಯುವಾಗ ಅರ್ಜಿ ಹಾಕಿದ ಸಂಘದ ಕೈಯಲ್ಲಿ ಏನಿರುತ್ತದೆ? ಬಹಳ ಕಡಿಮೆ. ತನಿಖೆ ಆಯೋಗದ್ದು, ಸಾಕ್ಷ್ಯ ಕಲೆಹಾಕುವವರು ಮಹಾನಿರ್ದೇಶಕರು. ಸಂಘಕ್ಕೆ ಸಿಗುವುದು ವ್ಯಾಪಾರ ರಹಸ್ಯಗಳಿಗೆ ಮಸಿ ಬಳಿದ ಪ್ರತಿ. 2022ರಲ್ಲಿ ಬಂದ ಗೌಪ್ಯತಾ ವರ್ತುಲದ ವ್ಯವಸ್ಥೆಯಲ್ಲಿ ಕಂಪನಿಗಳ ಅಧಿಕೃತ ಪ್ರತಿನಿಧಿಗಳು ಮುಚ್ಚಳಿಕೆ ಕೊಟ್ಟು ಪೂರ್ಣ ದಾಖಲೆ ನೋಡಬಹುದು. ಅರ್ಜಿದಾರರಿಗೆ ಮಾತ್ರ ಅದು ಹಕ್ಕಲ್ಲ, ಆಯೋಗ ಅಗತ್ಯವೆಂದು ಕಂಡರೆ ಉಂಟು.

ಕಾಗದ ಕೈಗೆ ಬಂದರೂ ಅಪಾಯ ತಪ್ಪಿದ್ದಲ್ಲ. ಆ್ಯಪಲ್‌ನ ಆ್ಯಪ್ ಸ್ಟೋರ್ ಕುರಿತು ರಾಜಸ್ಥಾನದ ‘ಟುಗೆದರ್ ವಿ ಫೈಟ್ ಸೊಸೈಟಿ’ ಎಂಬ ಸಂಸ್ಥೆ 2021ರಲ್ಲಿ ಅರ್ಜಿ ಹಾಕಿತು, ಆ ವರ್ಷದ ಡಿಸೆಂಬರ್ 31ರಂದು ತನಿಖೆಗೆ ಆದೇಶವಾಯಿತು. ಭಾರತದಲ್ಲಿ ಐಫೋನ್ ಇರುವವರು ಎಷ್ಟು ಕಡಿಮೆ, ನಮಗೆಲ್ಲಿಯ ಪ್ರಾಬಲ್ಯ ಎಂಬ ಆ್ಯಪಲ್ ವಾದಕ್ಕೆ ಆಯೋಗ, ಮಾರುಕಟ್ಟೆ ಎಂದರೆ ಫೋನುಗಳದ್ದಲ್ಲ, ಐಫೋನಿಗೆ ಆ್ಯಪ್ ಮುಟ್ಟಿಸುವ ಅಂಗಡಿಯದ್ದು ಎಂದು ಉತ್ತರಿಸಿತು. ಗೆರೆ ಎಲ್ಲಿ ಎಳೆಯುತ್ತೀರಿ ಎಂಬುದರ ಮೇಲೆ ಪ್ರಕರಣ ನಿಲ್ಲುತ್ತದೆ ಎಂದದ್ದು ಇದಕ್ಕೇ. ಆದರೆ 2024ರಲ್ಲಿ ತನಿಖಾ ವರದಿ ಹಂಚಿದ ಮೇಲೆ, ಅದರಲ್ಲಿ ತನ್ನ ವ್ಯಾಪಾರ ರಹಸ್ಯ ಎದುರಾಳಿಗಳಿಗೆ ಬಯಲಾಗಿದೆ ಎಂದು ಆ್ಯಪಲ್ ತಕರಾರು ಎತ್ತಿತು. ಆಯೋಗ ವರದಿಯನ್ನು ವಾಪಸ್ ಕರೆದು, ಹಳೆಯ ಪ್ರತಿಗಳನ್ನು ನಾಶ ಮಾಡಿ ಎಂದು ಸೂಚಿಸಿ, ಹೊಸ ಪ್ರತಿ ಹಂಚಬೇಕಾಯಿತು. ಸಂಸ್ಥೆ ಅದನ್ನು ಪಾಲಿಸಿಲ್ಲ ಎಂಬ ಇನ್ನೊಂದು ತಕರಾರು ಆಮೇಲೆ ಬಂತು. ಸಣ್ಣ ಸಂಸ್ಥೆಯೊಂದು ಗೌಪ್ಯ ಕಾಗದ ಹೇಗಿಟ್ಟುಕೊಳ್ಳಬೇಕು, ಯಾರು ನೋಡಬೇಕು, ಹೇಗೆ ಹಿಂದಿರುಗಿಸಬೇಕು ಎಂಬ ಶಿಸ್ತನ್ನು ಮೊದಲ ದಿನದಿಂದ ಮಾಡಿಕೊಳ್ಳದಿದ್ದರೆ ವಿಷಯವೇ ಪಕ್ಕಕ್ಕೆ ಸರಿದು ಈ ಜಗಳ ಮುಂದೆ ಬರುತ್ತದೆ.

ಗೆದ್ದ ಮೇಲಿನ ಕೆಲಸವೂ ಹಗುರವಲ್ಲ. ಪ್ಲೇ ಸ್ಟೋರ್ ಪಾವತಿ ವ್ಯವಸ್ಥೆಗಾಗಿ ಆಯೋಗ 2022ರ ಅಕ್ಟೋಬರ್ 25ರಂದು ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿ, ಬೇರೆ ಪಾವತಿ ಸೇವೆಗಳಿಗೂ ಅವಕಾಶ ಕೊಡು ಎಂದಿತು. ಗೂಗಲ್ ಅವಕಾಶ ಕೊಟ್ಟಿತು, ಆದರೆ ಬೇರೆ ಸೇವೆ ಬಳಸಿದರೂ 11ರಿಂದ 26 ಶೇಕಡಾ ಕಮಿಷನ್ ಕೊಡಬೇಕೆಂಬ ಷರತ್ತಿನೊಂದಿಗೆ. ಸ್ಟಾರ್ಟಪ್‌ಗಳ ಒಕ್ಕೂಟವಾದ ಅಲಯನ್ಸ್ ಆಫ್ ಡಿಜಿಟಲ್ ಇಂಡಿಯಾ ಫೌಂಡೇಶನ್, ಆದೇಶ ಪಾಲನೆಯಾಗಿಲ್ಲ ಎಂದು ಆಯೋಗಕ್ಕೆ ಮರಳಿತು. ಆಗ ಆಯೋಗದಲ್ಲಿ ಇದ್ದದ್ದು ಇಬ್ಬರೇ ಸದಸ್ಯರು. ಅಧ್ಯಕ್ಷರು ನಿವೃತ್ತರಾಗಿ ತಿಂಗಳುಗಳೇ ಕಳೆದಿದ್ದವು, ಕೋರಂಗೆ ಮೂವರು ಬೇಕಿತ್ತು. ಒಕ್ಕೂಟ ದೆಹಲಿ ಹೈಕೋರ್ಟಿಗೆ ಹೋಯಿತು. ಸದಸ್ಯ ಸ್ಥಾನ ಖಾಲಿ ಇರುವ ಕಾರಣಕ್ಕೆ ಆಯೋಗದ ಕೆಲಸ ಅಸಿಂಧುವಾಗದು ಎನ್ನುವ ಸೆಕ್ಷನ್ 15ನ್ನು ಆಧರಿಸಿ, ಇಬ್ಬರೇ ಇದ್ದರೂ ಅರ್ಜಿ ಕೇಳಿ ಎಂದು ಹೈಕೋರ್ಟ್ 2023ರ ಏಪ್ರಿಲ್ 24ರಂದು ಹೇಳಿತು. ಕಂಪನಿಗಳು ತಡೆಗಾಗಿ ಬಳಸುವ ರಿಟ್ಟನ್ನೇ ಅರ್ಜಿದಾರರು ಚಲನೆಗಾಗಿ ಬಳಸಿದ ಅಪರೂಪದ ನಿದರ್ಶನ ಇದು. 2025ರ ಮಾರ್ಚ್‌ನಲ್ಲಿ ಎನ್‌ಸಿಎಲ್‌ಎಟಿ ಆ ದಂಡವನ್ನು 216.69 ಕೋಟಿಗೆ ಇಳಿಸಿತು.

ದಂಡದ ಮೊತ್ತ ಪತ್ರಿಕೆಗಳ ತಲೆಬರಹಕ್ಕೆ ಚಂದ, ಅರ್ಜಿದಾರರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ, ಅದು ಸರ್ಕಾರದ ಬೊಕ್ಕಸಕ್ಕೆ. ನಷ್ಟ ಪರಿಹಾರ ಬೇಕೆಂದರೆ ಸೆಕ್ಷನ್ 53ಎನ್ ಅಡಿ ಎನ್‌ಸಿಎಲ್‌ಎಟಿಗೆ ಬೇರೆಯೇ ಅರ್ಜಿ ಹಾಕಬೇಕು. ಸಿವಿಲ್ ಕೋರ್ಟಿನ ದಾರಿಯನ್ನು ಸೆಕ್ಷನ್ 61 ಮುಚ್ಚಿದೆ.

2023ರ ತಿದ್ದುಪಡಿ ಕೊಟ್ಟದ್ದೂ ಇದೆ, ಕಿತ್ತುಕೊಂಡದ್ದೂ ಇದೆ. ದಂಡದ ವಿರುದ್ಧ ಮೇಲ್ಮನವಿ ಹೋಗುವ ಕಂಪನಿ ಈಗ ದಂಡದ 25 ಶೇಕಡಾ ಠೇವಣಿ ಇಡಲೇಬೇಕು. ದಂಡವನ್ನು ಜಾಗತಿಕ ವಹಿವಾಟಿನ ಮೇಲೆ ಲೆಕ್ಕ ಹಾಕಲು ಅವಕಾಶವಾಗಿದೆ, ಆ್ಯಪಲ್ ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. ಇನ್ನೊಂದೆಡೆ ರಾಜಿಯ ದಾರಿ ತೆರೆದಿದೆ. ಆಂಡ್ರಾಯ್ಡ್ ಟಿವಿ ಪ್ರಕರಣದಲ್ಲಿ ಗೂಗಲ್ 2025ರ ಏಪ್ರಿಲ್‌ನಲ್ಲಿ 20.24 ಕೋಟಿ ರೂಪಾಯಿ ಕೊಟ್ಟು ಹೀಗೆ ಮುಗಿಸಿಕೊಂಡಿತು. ರಾಜಿಗೆ ಮೊದಲು ಅರ್ಜಿದಾರರು ಆಕ್ಷೇಪ ಹೇಳಬಹುದು. ರಾಜಿಯ ಆದೇಶದ ವಿರುದ್ಧ ಮೇಲ್ಮನವಿ ಇಲ್ಲ.

ಸಂಘಗಳೆಲ್ಲ ಸಾಚಾ ಅಲ್ಲ

ವರ್ತಕರ ಸಂಘ ಗ್ರಾಹಕರ ಪರ ಮಾತಾಡುತ್ತಿದೆ ಎಂದು ಭಾವಿಸುವುದು ತಪ್ಪು. ರಿಯಾಯಿತಿ ನಿಂತರೆ ಅಂಗಡಿಯವರಿಗೆ ಲಾಭ, ಫೋನ್ ಕೊಳ್ಳುವವರಿಗೆ ಕೂಡಲೇ ನಷ್ಟ. ಆಯೋಗವೇ ವರ್ತಕರ ಸಂಘಗಳಿಗೂ ಅವುಗಳ ಸ್ವಂತ ಏಕಸ್ವಾಮ್ಯಕ್ಕಾಗಿ ದಂಡ ಹಾಕಿದ ಉದಾಹರಣೆಗಳಿವೆ. ಕನ್ನಡಿಗರಿಗೆ ಚೆನ್ನಾಗಿ ನೆನಪಿರಬೇಕಾದದ್ದು ಡಬ್ಬಿಂಗ್ ಪ್ರಕರಣ. ಪರಭಾಷೆಯ ಚಿತ್ರ, ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಚಿತ್ರೋದ್ಯಮದ ಅಘೋಷಿತ ನಿಷೇಧದ ವಿರುದ್ಧ ಕನ್ನಡ ಗ್ರಾಹಕರ ಕೂಟ 2012ರಲ್ಲಿ ಇದೇ ಆಯೋಗಕ್ಕೆ ಅರ್ಜಿ ಹಾಕಿತು. 2015ರ ಜುಲೈನಲ್ಲಿ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತಿತರ ಸಂಘಟನೆಗಳಿಗೆ ದಂಡ ವಿಧಿಸಿ, ಡಬ್ಬಿಂಗ್ ತಡೆಯುವುದನ್ನು ನಿಲ್ಲಿಸಿ ಎಂದಿತು. ಡಬ್ಬಿಂಗ್ ಸರಿಯೇ ತಪ್ಪೇ ಎಂಬ ಭಾವುಕ ಚರ್ಚೆ ದಶಕಗಟ್ಟಲೆ ಬೀದಿಯಲ್ಲಿ ನಡೆದಿತ್ತು. ಕೂಟ ಅದನ್ನು ಬದಿಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: ಇದು ಸ್ಪರ್ಧೆಯನ್ನು ತಡೆಯುವ ಒಪ್ಪಂದವೇ, ಅಲ್ಲವೇ?

ಫ್ಲಿಪ್‌ಕಾರ್ಟ್ ವಿರುದ್ಧ ಬಂದ ವರ್ತಕರಿಗೂ ಚಿತ್ರೋದ್ಯಮದ ವಿರುದ್ಧ ಬಂದ ಪ್ರೇಕ್ಷಕರಿಗೂ ಕಾಯ್ದೆ ತೆರೆದದ್ದು ಒಂದೇ ಸೆಕ್ಷನ್. ಅರ್ಜಿದಾರನ ಹಿತಾಸಕ್ತಿ ಏನು ಎಂದು ಅದು ಕೇಳುವುದಿಲ್ಲ, ಅರ್ಜಿಯಲ್ಲಿ ಏನಿದೆ ಎಂದಷ್ಟೇ ನೋಡುತ್ತದೆ. ಡಬ್ಬಿಂಗ್ ಅರ್ಜಿಯಿಂದ ಆಯೋಗದ ಅಂತಿಮ ಆದೇಶದವರೆಗೆ ಹಿಡಿದದ್ದು ಮೂರು ವರ್ಷ. ಆನ್‌ಲೈನ್ ದೈತ್ಯರ ಪ್ರಕರಣದಲ್ಲಿ ಅಷ್ಟೇ ಅವಧಿಯ ಅರ್ಧಕ್ಕಿಂತ ಹೆಚ್ಚು, ತನಿಖೆ ಶುರು ಮಾಡಬಹುದೇ ಎಂಬ ಪ್ರಶ್ನೆಗೇ ಸಂದಿತು.